ಬಿಟ್ಟುಹೋದ ಒಂದು ಮಾತು, 275 ವರ್ಷ

ನಮ್ಮಪ್ಪ ಪತ್ರ ಬರಹಗಾರ. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಹೊಂಗೆ ಮರದ ಕೆಳಗೆ ಒಂದು ಮೇಜು, ಒಂದು ಬೆಂಚು, ಅಷ್ಟೇ. ನಲವತ್ತು ವರ್ಷ ಅಲ್ಲೇ ಕೂತು ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದರು. ರಜೆಯಲ್ಲಿ ಊಟದ ಡಬ್ಬಿ ಕೊಡೋಕೆ ಹೋದವಳು ಅಲ್ಲೇ ಕೂತುಬಿಡುತ್ತಿದ್ದೆ. ಬರೆದದ್ದನ್ನು ಅವರು ಪಾರ್ಟಿಗಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ಬೆರಳು ಸಾಲಿನ ಕೆಳಗೆ ಸರಿಯುತ್ತಾ ಹೋಗುತ್ತಿತ್ತು. ಕ್ರಯಪತ್ರ ಯಾವುದೇ ಇರಲಿ, ಕೊನೆ ಕೊನೆಗೆ ಒಂದು ಸಾಲು ಬಂದೇ ಬರುತ್ತಿತ್ತು: "ನೀವು ನಿಮ್ಮ ಪುತ್ರ ಪೌತ್ರ ಪಾರಂಪರ್ಯವಾಗಿ ಸುಖದಿಂದ ಅನುಭವಿಸಿಕೊಂಡು ಹೋಗತಕ್ಕದ್ದು." ಮಗ್ಗಿ ಬಾಯಿಗೆ ಬರುವ ಹಾಗೆ ನನಗೂ ಅದು ಬಾಯಿಗೆ ಬಂದಿತ್ತು. ಆ ಸಾಲಿನಲ್ಲಿ ನಾನಿಲ್ಲ ಅಂತ ಹೊಳೆದದ್ದು ಎಷ್ಟೋ ವರ್ಷ ಆದ ಮೇಲೆ.

ಇದೆಲ್ಲ ಮತ್ತೆ ನೆನಪಾಗಿದ್ದು ಇಂಗ್ಲೆಂಡಿನಲ್ಲಿ. ತಂಗಿ ಎಕ್ಸೆಟರ್ ಊರಿನಲ್ಲಿ ಕೆಲಸ ಮಾಡುತ್ತಾಳೆ, ಅವಳ ಮನೆಗೆ ಆರು ವಾರ ಹೋಗಿದ್ದೆ. ಒಂದು ದಿನ ಸಮುದ್ರ ನೋಡೋಣ ಅಂತ ಡಾಲಿಶ್ ಕಡೆ ಹೋಗುವ ರೈಲು ಹತ್ತಿದೆವು. ಈ ರೈಲು ಎಕ್ಸ್ ನದಿಯ ಅಂಚಿನಲ್ಲೇ ಹೋಗುತ್ತದೆ. ನದಿ ಅಲ್ಲಿ ಸಮುದ್ರ ಸೇರೋಕೆ ಅಗಲವಾಗಿ ಹರಡಿಕೊಂಡಿರುತ್ತದೆ, ನೀರು ಇಳಿದಾಗ ಬರೀ ಕೆಸರು, ಹಕ್ಕಿಗಳು. ನಾನು ಆ ಕಡೆ ನೋಡುತ್ತಿದ್ದೆ. "ಅಕ್ಕಾ, ಆ ಕಡೆ ಅಲ್ಲ, ಈ ಕಡೆ ನೋಡು, ಜಿಂಕೆ" ಅಂದಳು ತಂಗಿ. ತಿರುಗಿದರೆ ಹುಲ್ಲುಗಾವಲು, ದೊಡ್ಡ ದೊಡ್ಡ ಮರ, ಜಿಂಕೆ ಹಿಂಡು, ಹಿಂದೆ ಗೋಪುರಗಳಿರುವ ಒಂದು ಕೋಟೆಮನೆ. ಪೌಡರ್‌ಹ್ಯಾಮ್ ಕ್ಯಾಸಲ್. ಎಕ್ಸೆಟರ್ ಇರುವ ಆ ಸೀಮೆಯ ಹೆಸರು ಡೆವನ್, ಆ ಹೆಸರಿನ ಪದವಿ ಹೊತ್ತ ಡೆವನ್ ಅರ್ಲ್‌ಗಳ ಮನೆ ಅದು. ಕೋರ್ಟನಿ ಅನ್ನುವ ಒಂದೇ ವಂಶ 600 ವರ್ಷಕ್ಕೂ ಜಾಸ್ತಿ ಕಾಲದಿಂದ ಅದೇ ಮನೆಯಲ್ಲಿದೆ. ಆಮೇಲೆ ಅವರ ಕತೆ ಓದುತ್ತಾ ಹೋದೆ, ಬಿಡೋಕೆ ಆಗಲಿಲ್ಲ. ಯಾಕಂದರೆ ಆ ಇಡೀ ಕತೆ ನಿಂತಿರುವುದು ಒಂದು ಪತ್ರದಲ್ಲಿ ಬಿಟ್ಟುಹೋದ ಒಂದು ಮಾತಿನ ಮೇಲೆ.

ಅರ್ಲ್ ಅಂದರೆ ನಮ್ಮ ಲೆಕ್ಕದಲ್ಲಿ ಏನು ಅಂತ ಹೇಳುವುದು ಕಷ್ಟ. ಪಾಳೆಯಗಾರ ಅನ್ನಬಹುದೇನೋ, ಆದರೆ ಪೂರ್ತಿ ಸರಿಯಲ್ಲ. ಡ್ಯೂಕ್, ಮಾರ್ಕ್ವೆಸ್ ಆದ ಮೇಲೆ ಬರುವ ಮೂರನೇ ದರ್ಜೆ ಅದು. ಕೆಳಗೆ ವೈಕೌಂಟ್, ಬ್ಯಾರನ್. ರಾಜ ಅಥವಾ ರಾಣಿ ಒಂದು ಪತ್ರದ ಮೂಲಕ ಪದವಿ ಕೊಡುತ್ತಾರೆ. ಕೊಟ್ಟ ಮೇಲೆ ಅದು ಯಾರ ಕೈಗೆ ಹೋಗಬೇಕು ಅಂತ ಹೇಳುವುದು ಆ ಪತ್ರ. ಅರ್ಲ್ ತನಗೆ ಬೇಕಾದವರಿಗೆ ಉಯಿಲು ಬರೆದು ಕೊಡುವ ಹಾಗಿಲ್ಲ, ಮಾರುವ ಹಾಗಿಲ್ಲ, ದತ್ತು ಮಗನಿಗೂ ಅದು ಹೋಗುವುದಿಲ್ಲ. ಜಮೀನು ಬೇರೆ, ಪದವಿ ಬೇರೆ. ಈ ಎರಡು ಬೇರೆ ಬೇರೆ ಅನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೋರ್ಟನಿಗಳಿಗೆ ಡೆವನ್ ಪದವಿ ಬಂದದ್ದೇ ಒಬ್ಬ ಹೆಣ್ಣುಮಗಳ ಕಡೆಯಿಂದ. ಮೊದಲು ಅದು ರೆಡ್ವರ್ಸ್ ಅನ್ನುವ ವಂಶದ್ದಾಗಿತ್ತು. ಆ ವಂಶದಲ್ಲಿ ಕೊನೆಗೆ ಉಳಿದವಳು ಇಸಬೆಲ್ಲಾ, ತನ್ನ ಹಕ್ಕಿನಿಂದಲೇ ಡೆವನ್ ಕೌಂಟೆಸ್, ಅಂದರೆ ಹೆಣ್ಣು ಅರ್ಲ್, ಆಗಿದ್ದವಳು. 1293ರಲ್ಲಿ ಸತ್ತಳು. ಮಕ್ಕಳೆಲ್ಲ ಅವಳಿಗಿಂತ ಮುಂಚೆಯೇ ಹೋಗಿದ್ದರು. ರೆಡ್ವರ್ಸ್ ಮನೆಯ ಹೆಣ್ಣೊಬ್ಬಳು ಹಿಂದೆ ಯಾವಾಗಲೋ ಕೋರ್ಟನಿ ಮನೆಗೆ ಸೊಸೆಯಾಗಿ ಹೋಗಿದ್ದಳು. ಆ ಸಂಬಂಧದ ಮೇಲೆ ಹ್ಯೂ ಕೋರ್ಟನಿ ಹಕ್ಕು ಕೇಳಿದ. 1335ರಲ್ಲಿ ಅವನನ್ನು ಅರ್ಲ್ ಅಂತ ಒಪ್ಪಿಕೊಂಡರು. ಅವನ ಮಗನ ಹೆಸರೂ ಹ್ಯೂ. ಈ ಎರಡನೇ ಹ್ಯೂ ಮದುವೆಯಾದದ್ದು ಮಾರ್ಗರೆಟ್ ಡಿ ಬೋಹನ್ ಅನ್ನುವವಳನ್ನು. ಅವಳು ರಾಜ ಒಂದನೇ ಎಡ್ವರ್ಡನ ಮೊಮ್ಮಗಳು. ಪೌಡರ್‌ಹ್ಯಾಮ್ ಜಮೀನು ಅವಳ ತವರಿನಿಂದ ಅವಳ ಜೊತೆ ಬಂದದ್ದು. ಅವಳು ಅದನ್ನು ತನ್ನ ಕಿರಿಯ ಗಂಡುಮಕ್ಕಳಲ್ಲಿ ಒಬ್ಬನಾದ ಫಿಲಿಪ್‌ಗೆ ಬಿಟ್ಟುಹೋದಳು. 1391ರ ಹೊತ್ತಿಗೆ ಆ ಫಿಲಿಪ್ ಅಲ್ಲಿ ಮನೆ ಕಟ್ಟಲು ಶುರು ಮಾಡಿದ. ಅಂದರೆ ಪದವಿಯೂ ಹೆಣ್ಣಿನ ಕಡೆಯಿಂದ, ಮನೆಯೂ ಹೆಣ್ಣಿನ ಕಡೆಯಿಂದ.

ಫಿಲಿಪ್ ಕಿರಿಯವನಾದ್ದರಿಂದ ಅವನಿಗೆ ಪದವಿ ಇಲ್ಲ, ಅದು ಹಿರಿಯ ಶಾಖೆಗೆ ಹೋಯಿತು. ಆ ಹಿರಿಯ ಶಾಖೆ ಪಟ್ಟ ಪಾಡು ಓದಿದರೆ ಪದವಿ ಸಿಗದವನೇ ಪುಣ್ಯವಂತ ಅನಿಸುತ್ತದೆ. ಇಂಗ್ಲೆಂಡಿನ ಪಟ್ಟಕ್ಕಾಗಿ ಲಂಕಾಸ್ಟರ್ ಮತ್ತು ಯಾರ್ಕ್ ಮನೆಗಳ ನಡುವೆ ನಡೆದ ಜಗಳದಲ್ಲಿ ಮೂವರು ಅಣ್ಣತಮ್ಮಂದಿರು ಹತ್ತು ವರ್ಷದಲ್ಲಿ ಹೋದರು. 1461ರಲ್ಲಿ ಥಾಮಸ್‌ನ ತಲೆ ಕಡಿದರು. 1469ರಲ್ಲಿ ಹೆನ್ರಿಯದು. 1471ರಲ್ಲಿ ಜಾನ್ ಟ್ಯೂಕ್ಸ್‌ಬರಿ ಯುದ್ಧದಲ್ಲಿ ಬಿದ್ದ. 1485ರಲ್ಲಿ ಏಳನೇ ಹೆನ್ರಿ ಪಟ್ಟಕ್ಕೆ ಬಂದ ಮೇಲೆ ಅದೇ ವಂಶದ ಇನ್ನೊಂದು ಕವಲಿನ ಎಡ್ವರ್ಡ್ ಕೋರ್ಟನಿಗೆ ಪದವಿ ಕೊಟ್ಟ. ಅವನ ಮಗ ವಿಲಿಯಂ ರಾಜಕುಮಾರಿ ಕ್ಯಾಥರೀನ್‌ಳನ್ನು ಮದುವೆಯಾದ. ರಾಜಮನೆತನದ ಹೆಣ್ಣು ತಂದದ್ದು ದೊಡ್ಡ ಗೌರವ, ಅದೇ ಮುಂದೆ ಮನೆಗೆ ಮುಳುವಾಯಿತು. ಕ್ಯಾಥರೀನ್‌ಳ ಅಕ್ಕ ಎಲಿಜಬೆತ್, ಎಂಟನೇ ಹೆನ್ರಿಯ ತಾಯಿ. ಹಾಗಾಗಿ ಕ್ಯಾಥರೀನ್‌ಳ ಮಗ ಹೆನ್ರಿ ಕೋರ್ಟನಿಗೆ ಎಂಟನೇ ಹೆನ್ರಿ ದೊಡ್ಡಮ್ಮನ ಮಗ. ನಮ್ಮ ಕಡೆ ಇಬ್ಬರೂ ಅಣ್ಣತಮ್ಮಂದಿರೇ ಅಲ್ವಾ. ರಾಜ ಮೊದಲು ಅವನನ್ನು ಎತ್ತಿ ಆಡಿಸಿದ, 1525ರಲ್ಲಿ ಮಾರ್ಕ್ವೆಸ್ ಮಾಡಿದ. 1538ರ ನವೆಂಬರ್‌ನಲ್ಲಿ ಸಂಚಿನ ಆರೋಪ ಹೊರಿಸಿ ಹಿಡಿಸಿದ. ಕೆಲವೇ ವಾರದಲ್ಲಿ ತಲೆ ತೆಗೆಸಿದ. ಹೆಂಡತಿಯನ್ನೂ, ಹನ್ನೆರಡರ ಆಸುಪಾಸಿನ ಮಗ ಎಡ್ವರ್ಡನನ್ನೂ ಲಂಡನ್ ಟವರ್ ಅನ್ನುವ ಕೋಟೆಯ ಸೆರೆಯಲ್ಲಿ ಕೂಡಿಹಾಕಿದ.

ಈ ಹುಡುಗನ ಹತ್ತಿರ ನಾನು ಸ್ವಲ್ಪ ನಿಲ್ಲಬೇಕು. ತಾಯಿಯನ್ನು ಒಂದೆರಡು ವರ್ಷದಲ್ಲಿ ಬಿಟ್ಟರು. ಮಗನನ್ನು ಬಿಡಲಿಲ್ಲ. ಅವನ ಮೇಲೆ ಯಾವ ಅಪರಾಧವೂ ಇರಲಿಲ್ಲ, ಇದ್ದದ್ದು ಅಜ್ಜಿಯ ರಕ್ತ ಒಂದೇ. ಹದಿನೈದು ವರ್ಷ ಒಳಗಿದ್ದ. ಹನ್ನೆರಡರ ಹುಡುಗ ಹೊರಗೆ ಬರುವಾಗ ಇಪ್ಪತ್ತೇಳರ ಆಸುಪಾಸಿನ ಗಂಡಸು. ಮೀಸೆ ಮೂಡಿದ್ದು, ದನಿ ಒಡೆದಿದ್ದು ಎಲ್ಲ ಆ ಗೋಡೆಗಳ ಒಳಗೆ. ಅಲ್ಲಿ ಕೂತು ಇಟಾಲಿಯನ್ ಕಲಿತ. 1548ರಲ್ಲಿ ಒಂದು ಇಟಾಲಿಯನ್ ಧರ್ಮಗ್ರಂಥವನ್ನು ಇಂಗ್ಲಿಷಿಗೆ ಮಾಡಿದ. ಆ ಕೈಬರಹದ ಪ್ರತಿ ಇವತ್ತಿಗೂ ಕೇಂಬ್ರಿಡ್ಜ್‌ನಲ್ಲಿದೆ. ಅದರಲ್ಲಿ ಆಗ ಪಟ್ಟದಲ್ಲಿದ್ದ ಬಾಲಕ ರಾಜ ಆರನೇ ಎಡ್ವರ್ಡ್ ತನ್ನ ಕೈಯಿಂದ ಬರೆದ ಸಾಲುಗಳೂ ಇವೆ. ಒಬ್ಬ ಹುಡುಗ ರಾಜ, ಒಬ್ಬ ಹುಡುಗ ಕೈದಿ, ಇಬ್ಬರ ಅಕ್ಷರವೂ ಒಂದೇ ಪುಸ್ತಕದಲ್ಲಿ. ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

1553ರ ಆಗಸ್ಟ್‌ನಲ್ಲಿ ರಾಣಿ ಮೇರಿ ಲಂಡನ್ನಿಗೆ ಬಂದಳು. ಟವರಿನ ಅಂಗಳದಲ್ಲಿ ಹಳೆಯ ಕೈದಿಗಳು ಮಂಡಿಯೂರಿ ಕಾದಿದ್ದರು, ಅವರಲ್ಲಿ ಎಡ್ವರ್ಡನೂ ಒಬ್ಬ. ರಾಣಿ ಎಲ್ಲರನ್ನೂ ಎಬ್ಬಿಸಿ ಮುತ್ತಿಟ್ಟು ಬಿಡುಗಡೆ ಮಾಡಿದಳು. ಸೆಪ್ಟೆಂಬರ್ 3ಕ್ಕೆ ಅವನನ್ನು ಡೆವನ್ ಅರ್ಲ್ ಮಾಡಿದಳು. ಅದಕ್ಕೆ ಒಂದು ಪತ್ರ ಬರೆದರು. ಲ್ಯಾಟಿನ್‌ನಲ್ಲಿ.

ಇಂಥ ಪತ್ರಗಳಲ್ಲಿ ರೂಢಿಯ ಮಾತು ಹೀಗಿರುತ್ತದೆ: ಈ ಪದವಿ ಇವನಿಗೆ ಮತ್ತು "ಇವನ ದೇಹದಿಂದ ಹುಟ್ಟಿದ" ಗಂಡು ವಾರಸುದಾರರಿಗೆ. ಅಂದರೆ ಮಗ, ಮೊಮ್ಮಗ, ಮರಿಮಗ, ಹೀಗೆ ಕೆಳಕ್ಕೆ. ಅದು ಮುಗಿದರೆ ಪದವಿಯೂ ಮುಗಿಯಿತು. ಆದರೆ 1553ರ ಈ ಪತ್ರದಲ್ಲಿ "ದೇಹದಿಂದ" ಅನ್ನುವ ಮಾತು ಇಲ್ಲ. ಬರೀ "ಇವನ ಗಂಡು ವಾರಸುದಾರರಿಗೆ, ಶಾಶ್ವತವಾಗಿ" ಅಂತಿದೆ. ಬರೆದವನು ಮರೆತನೋ, ನಕಲು ಮಾಡುವಾಗ ಬಿಟ್ಟುಹೋಯಿತೋ, ಬೇಕೆಂದೇ ಬಿಟ್ಟರೋ, ಇದರ ಮೇಲೆ ಮುಂದೆ ವಕೀಲರು ಬೇಕಾದಷ್ಟು ವಾದ ಮಾಡಿದರು. ಪತ್ರ ಬರೆಯುವವನ ಮಗಳಾಗಿ ನನ್ನ ಊಹೆ, ಅದು ಕೈತಪ್ಪು. ರಾಣಿ ಹೊಸದಾಗಿ ಬಂದಿದ್ದಾಳೆ, ಎಲ್ಲ ಅವಸರ, ಬರೆಯುವವನಿಗೆ ಕೈತುಂಬ ಕೆಲಸ. ಅಪ್ಪ ಒಂದು ಸಲ ಚಕ್ಕುಬಂದಿಯಲ್ಲಿ ಪೂರ್ವ ಪಶ್ಚಿಮ ಅದಲು ಬದಲು ಮಾಡಿಬಿಟ್ಟಿದ್ದರು. ಎರಡು ವರ್ಷ ಆದ ಮೇಲೆ ಗೊತ್ತಾಯಿತು. ತಿದ್ದುಪಡಿ ಪತ್ರ ಮಾಡಿಸೋಕೆ ಎರಡೂ ಕಡೆಯವರ ಮನೆಗೆ ನಡೆದುಕೊಂಡು ಹೋಗಿ ಕೈಮುಗಿದು ಕರೆದುಕೊಂಡು ಬಂದರು. ಆ ರಾತ್ರಿ ಊಟ ಮಾಡಲಿಲ್ಲ.

ಎಡ್ವರ್ಡನ ಸ್ವಾತಂತ್ರ್ಯ ಜಾಸ್ತಿ ದಿನ ಉಳಿಯಲಿಲ್ಲ. ರಾಣಿ ಅವನನ್ನೇ ಮದುವೆಯಾಗಲಿ ಅನ್ನುವವರು ಇದ್ದರು, ಅವಳು ಸ್ಪೇನ್‌ನ ಫಿಲಿಪ್‌ನನ್ನು ಆರಿಸಿಕೊಂಡಳು. ಅವಳ ತಂಗಿ ಎಲಿಜಬೆತ್ ಜೊತೆ ಇವನ ಹೆಸರು ಸೇರಿಸಿ 1554ರಲ್ಲಿ ದಂಗೆ ಎದ್ದಿತು. ಮತ್ತೆ ಟವರ್. ಆಮೇಲೆ ಗಡೀಪಾರು. ವೆನಿಸ್ ಹತ್ತಿರ ಡೇಗೆ ಹಾರಿಸೋಕೆ ಹೋಗಿದ್ದಾಗ ಮಳೆಯಲ್ಲಿ ನೆಂದು ಜ್ವರ ಹತ್ತಿತು ಅಂತ ಅಲ್ಲಿದ್ದ ಇಂಗ್ಲಿಷ್ ರಾಯಭಾರಿ ಬರೆದಿದ್ದಾನೆ. ವಿಷ ಹಾಕಿದರು ಅನ್ನುವ ಮಾತೂ ಹಬ್ಬಿತು. 1556ರ ಸೆಪ್ಟೆಂಬರ್‌ನಲ್ಲಿ ಪಡುವಾದಲ್ಲಿ ಸತ್ತ. ಮದುವೆ ಇಲ್ಲ, ಮಕ್ಕಳಿಲ್ಲ.

ಆಗ ಜಮೀನು ಎಲ್ಲಿಗೆ ಹೋಯಿತು ಗೊತ್ತಾ? ಅವನ ಮುತ್ತಜ್ಜನಿಗೆ ನಾಲ್ವರು ಅಕ್ಕತಂಗಿಯರಿದ್ದರು. ಟಿವರ್ಟನ್ ಕೋಟೆ ಸೇರಿ ಆಸ್ತಿಯೆಲ್ಲ ಆ ನಾಲ್ವರು ಹೆಣ್ಣುಮಕ್ಕಳ ಸಂತಾನಕ್ಕೆ ನಾಲ್ಕು ಪಾಲಾಗಿ ಹೋಯಿತು. ಹೆಣ್ಣಿನ ಕಡೆಯವರು ಅಂತ ಜಮೀನಿನ ಕಾನೂನು ದೂರ ಇಡಲಿಲ್ಲ. ಪದವಿ ಮಾತ್ರ ಸತ್ತುಹೋಯಿತು ಅಂತ ಎಲ್ಲರೂ ಅಂದುಕೊಂಡರು. ರಾಜರೂ ಹಾಗೇ ಅಂದುಕೊಂಡರು. 1603ರಲ್ಲಿ ಡೆವನ್‌ಶೈರ್ (ಡೆವನ್‌ಗೇ ಇನ್ನೊಂದು ಹೆಸರು) ಅರ್ಲ್ ಪದವಿಯನ್ನು ಮೌಂಟ್‌ಜಾಯ್ ಅನ್ನುವವನಿಗೆ ಕೊಟ್ಟರು, ಅದು ಅವನೊಂದಿಗೇ ಹೋಯಿತು. 1618ರಲ್ಲಿ ವಿಲಿಯಂ ಕ್ಯಾವೆಂಡಿಶ್‌ಗೆ ಕೊಟ್ಟರು. ಇವತ್ತು ಚ್ಯಾಟ್ಸ್‌ವರ್ತ್‌ನಲ್ಲಿರುವ ಡೆವನ್‌ಶೈರ್ ಡ್ಯೂಕ್‌ಗಳು ಆ ಮನೆಯವರು. ಇಂಗ್ಲೆಂಡಿನಲ್ಲಿ ಒಬ್ಬ ಡೆವನ್ ಅರ್ಲ್, ಒಬ್ಬ ಡೆವನ್‌ಶೈರ್ ಡ್ಯೂಕ್ ಯಾಕಿದ್ದಾರೆ ಅನ್ನುವುದಕ್ಕೆ ಕಾರಣ ಇದೇ.

ಇಷ್ಟು ಹೊತ್ತೂ ಪೌಡರ್‌ಹ್ಯಾಮ್‌ನಲ್ಲಿ ಫಿಲಿಪ್‌ನ ವಂಶದವರು ಇದ್ದೇ ಇದ್ದರು. ಹೊಲ ಮನೆ ನೋಡಿಕೊಂಡು, ಪಾರ್ಲಿಮೆಂಟಿಗೆ ಹೋಗಿ ಬಂದು, ಮೊದಲು ಬ್ಯಾರನ್‌ಗಿಂತ ಕೆಳಗಿನ ಬ್ಯಾರೊನೆಟ್, ಆಮೇಲೆ 1762ರಲ್ಲಿ ವೈಕೌಂಟ್ ಆಗಿ. ಅವರಿಗೂ ಪಡುವಾದಲ್ಲಿ ಸತ್ತ ಎಡ್ವರ್ಡನಿಗೂ ಸಂಬಂಧ ಹುಡುಕಬೇಕಾದರೆ 1377ರಲ್ಲಿ ಸತ್ತ ಹ್ಯೂ ತನಕ ಹಿಂದಕ್ಕೆ ಹೋಗಬೇಕು. ಏಳು ತಲೆ ಹಿಂದಿನ ದಾಯಾದಿ. ಸೂತಕ ಕೂಡ ಲೆಕ್ಕಕ್ಕೆ ಬರದಷ್ಟು ದೂರ. ಆದರೆ ಪತ್ರದಲ್ಲಿ "ದೇಹದಿಂದ ಹುಟ್ಟಿದ" ಅಂತ ಇಲ್ಲವಲ್ಲ. ಮಗನೇ ಆಗಬೇಕಾಗಿಲ್ಲ, ಗಂಡಿನಿಂದ ಗಂಡಿಗೆ ಬಂದ ವಾರಸುದಾರ ಆದರೆ ಸಾಕು.

ಇದನ್ನು ಗಮನಿಸಿದವನು ಪಾರ್ಲಿಮೆಂಟಿನಲ್ಲಿ ಹೌಸ್ ಆಫ್ ಲಾರ್ಡ್ಸ್ ಅನ್ನುವ ಮೇಲ್ಮನೆಯ ಕಾಗದ ಪತ್ರ ನೋಡಿಕೊಳ್ಳುವ ಹುದ್ದೆಯಲ್ಲಿದ್ದ ವಿಲಿಯಂ ಕೋರ್ಟನಿ. ಅವನು ಪದವಿ ಕೇಳಿದ್ದು ತನಗಾಗಿ ಅಲ್ಲ, ಅದೇ ಹೆಸರಿನ ದಾಯಾದಿ, ಮೂರನೇ ವೈಕೌಂಟ್ ವಿಲಿಯಂ ಪರವಾಗಿ. ವೈಕೌಂಟ್‌ಗೆ ಮಕ್ಕಳಿರಲಿಲ್ಲ, ಅವನ ನಂತರ ಸರದಿ ಇವನದೇ. 1831ರ ಮಾರ್ಚ್‌ನಲ್ಲಿ ಲಾರ್ಡ್ಸ್ ಸಭೆ ತೀರ್ಪು ಕೊಟ್ಟಿತು. ನ್ಯಾಯದ ಹಿರಿಯ ಅಧಿಕಾರಿಯಾದ ಲಾರ್ಡ್ ಚಾನ್ಸಲರ್ ಬ್ರೂಮ್ ಈ ವಾದದ ಪರವಾಗಿ ನಿಂತ. ಪದವಿ ಸತ್ತಿರಲಿಲ್ಲ, ಸುಮ್ನೆ ಮಲಗಿತ್ತು. 275 ವರ್ಷ. ಈ ನಡುವೆ ಏಳು ಜನ ಕೋರ್ಟನಿಗಳು ತಾವು ಅರ್ಲ್ ಅಂತ ಗೊತ್ತಿಲ್ಲದೆಯೇ ಬದುಕಿ ಸತ್ತಿದ್ದರು. ಆಮೇಲೆ 1553ರ ಎಡ್ವರ್ಡನನ್ನು 1ನೇಯವನು ಅಂತ ಹಿಡಿದು ಅವರಿಗೆಲ್ಲ ಕಾಗದದ ಮೇಲೆ ನಂಬರ್ ಹಾಕಿದರು, 2ನೇ ಅರ್ಲ್‌ನಿಂದ 8ನೇ ಅರ್ಲ್ ತನಕ. 1869ರಲ್ಲಿ ಸ್ಕ್ರೋಪ್ ಅನ್ನುವ ಇನ್ನೊಂದು ಮನೆಯವರು ಇಂಥದ್ದೇ ಮಾತಿರುವ ಪತ್ರ ಹಿಡಿದು ವಿಲ್ಟ್ಸ್ ಅರ್ಲ್ ಪದವಿ ಕೇಳಿದರು. ಅದೇ ಸಭೆ ಆಗಲ್ಲ ಅಂದಿತು. ಡೆವನ್ ತೀರ್ಪೇ ಸರಿಯಿಲ್ಲ ಅಂತ ಕಾನೂನು ತಿಳಿದವರು ಆಗ ಬಾಯಿಬಿಟ್ಟು ಹೇಳಿದರು. ಆದರೆ ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

1831ರಲ್ಲಿ ಪದವಿ ಸಿಕ್ಕ ಆ ಮೂರನೇ ವೈಕೌಂಟ್, ಅಂದರೆ 9ನೇ ಅರ್ಲ್, ಆಗ ಇಂಗ್ಲೆಂಡಿನಲ್ಲಿ ಇರಲೇ ಇಲ್ಲ. ಹದಿಮೂರು ಜನ ಹೆಣ್ಣುಮಕ್ಕಳ ನಡುವೆ ಒಬ್ಬನೇ ಗಂಡು ಅವನು. ಹದಿನಾರರ ಹುಡುಗನಾಗಿದ್ದಾಗ, 1784ರಲ್ಲಿ, ವಿಲಿಯಂ ಬೆಕ್‌ಫರ್ಡ್ ಅನ್ನುವ ತನಗಿಂತ ದೊಡ್ಡವನಾದ ಶ್ರೀಮಂತನ ಜೊತೆ ಅವನ ಹೆಸರು ಪೇಪರಿನಲ್ಲಿ ಬಂತು. ಗಂಡು ಗಂಡಿನ ಜೊತೆ ಕೂಡಿದರೆ ನೇಣು ಅನ್ನುವ ಕಾನೂನಿದ್ದ ಕಾಲ ಅದು. ಆ ಮಾತು ಅವನ ಬೆನ್ನು ಬಿಡಲಿಲ್ಲ. ಮನೆಯಲ್ಲಿ ಒಂದು ಸಂಗೀತದ ಕೋಣೆ ಕಟ್ಟಿಸಿದ. ವಾಸ್ತುಶಿಲ್ಪಿ ಜೇಮ್ಸ್ ವಯಟ್ ಮಾಡಿದ ಕೆಲಸ ಅದು, ಗುಮ್ಮಟದ ಛಾವಣಿ, ಈಗಲೂ ಆ ಮನೆಯಲ್ಲಿ ನಾನು ನೋಡಿದ ಅತಿ ಚೆಂದದ ಜಾಗ. 1811ರಲ್ಲಿ ಬಂಧನದ ಭಯಕ್ಕೆ ದೇಶ ಬಿಟ್ಟ. ಅಮೆರಿಕಕ್ಕೆ ಹೋದ, ಅಲ್ಲಿಂದ ಫ್ರಾನ್ಸ್‌ಗೆ. 1835ರಲ್ಲಿ ಪ್ಯಾರಿಸ್‌ನಲ್ಲಿ ಸತ್ತ. ತನ್ನ ಮನೆಗೆ ಬರಲಾಗದವನಿಗೆ ದೇಶ ಹಳೆಯ ಪದವಿ ಹುಡುಕಿ ಕೊಟ್ಟಿತು. ಆ ಸಂಗೀತದ ಕೋಣೆಯಲ್ಲಿ ನಿಂತು ಇದನ್ನು ಯೋಚಿಸುವಾಗ ನನಗೆ ಗಂಟಲು ಕಟ್ಟಿತು.

ಪದವಿ ದಾಯಾದಿಗೆ ಹೋಯಿತು, ಅವನು 10ನೇಯವನು. ಹದಿಮೂರು ಅಕ್ಕತಂಗಿಯರು ಮತ್ತು ಅವರ ಮಕ್ಕಳು ಸಾಲಿನಲ್ಲೇ ಇಲ್ಲ.

ಮುಂದಿನ ಅರ್ಲ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಮಾತ್ರ. 15ನೇ ಮತ್ತು 16ನೇ ಅರ್ಲ್ ಅಣ್ಣತಮ್ಮಂದಿರು, ಇಬ್ಬರೂ ಪಾದ್ರಿಗಳು. 1935ರ ಫೆಬ್ರವರಿಯಲ್ಲಿ ಅಣ್ಣ ಹೋದ, ಜೂನ್‌ನಲ್ಲಿ ತಮ್ಮ. ಅಲ್ಲಿ ಮನೆಯ ಯಜಮಾನ ಸತ್ತರೆ ಆಸ್ತಿಯ ಮೇಲೆ ಸರ್ಕಾರಕ್ಕೆ ತೆರಿಗೆ ಕಟ್ಟಬೇಕು. ಒಂದೇ ವರ್ಷದಲ್ಲಿ ಎರಡು ಸಾವು, ಎರಡು ಸಲ ತೆರಿಗೆ. 17ನೇ ಅರ್ಲ್ ಆದ ಹುಡುಗನಿಗೆ ಆಗ ಹದಿನೆಂಟು ವರ್ಷ. ಈಗ ಮನೆಗೆ ಟಿಕೆಟ್ ಇಟ್ಟಿದ್ದಾರೆ, ಮದುವೆ ನಡೆಯುತ್ತವೆ, ಸಿನಿಮಾ ಶೂಟಿಂಗ್ ನಡೆಯುತ್ತವೆ. ಅದರಲ್ಲಿ ನನಗೆ ಏನೂ ಕೊರೆ ಕಾಣಲಿಲ್ಲ, ಮನೆ ಉಳಿಸಿಕೊಳ್ಳಬೇಕಲ್ಲ.

ಈಗಿನವರು ಚಾರ್ಲ್ಸ್ ಕೋರ್ಟನಿ, 19ನೇ ಅರ್ಲ್, ವಕೀಲರು. 2015ರಲ್ಲಿ ತಂದೆ ತೀರಿಕೊಂಡ ಮೇಲೆ ಪದವಿ ಬಂತು. ಅವರಿಗೆ ಮೂವರು ಅಕ್ಕಂದಿರು. 1999ರ ಕಾನೂನು ವಂಶದ ಮೇಲೆ ಬಂದವರನ್ನು ಹೌಸ್ ಆಫ್ ಲಾರ್ಡ್ಸ್‌ನಿಂದ ಹೊರಗೆ ಕಳಿಸಿ 92 ಜನರಿಗೆ ಮಾತ್ರ ಜಾಗ ಇಟ್ಟಿತ್ತು. 2018ರ ಉಪಚುನಾವಣೆಯಲ್ಲಿ ಇವರು ಗೆದ್ದು ಒಳಗೆ ಹೋದರು. ಉಳಿದವರನ್ನೂ ತೆಗೆಯುವ ಮಸೂದೆಯನ್ನು 2024ರಲ್ಲಿ ಸರ್ಕಾರ ತಂದಿತು. ತೆಗೆದರೂ ಪದವಿ ಹೋಗುವುದಿಲ್ಲ, ಕುರ್ಚಿ ಮಾತ್ರ ಹೋಗುತ್ತದೆ. ಹೆಣ್ಣುಮಕ್ಕಳ ವಿಷಯ ಇಲ್ಲಿ ನನಗೆ ಅರ್ಥವೇ ಆಗುವುದಿಲ್ಲ. ಅವರ ಸಿಂಹಾಸನಕ್ಕೆ 2013ರಲ್ಲಿ ಕಾನೂನು ಬದಲಾಯಿಸಿದರು, ಹಿರಿಯ ಮಗು ಹೆಣ್ಣಾದರೂ ಸರಿ, ಅವಳಿಗೇ ಪಟ್ಟ ಅಂತ. ಅರ್ಲ್ ಪದವಿಗೆ ಅದನ್ನು ಅನ್ವಯ ಮಾಡಲಿಲ್ಲ. ದೇಶ ಆಳೋಕೆ ಆಗುವವಳಿಗೆ ಒಂದು ಮನೆಯ ಹೆಸರು ಹೊರೋಕೆ ಯಾಕಾಗಬಾರದು?

ನಮ್ಮಪ್ಪ ಹೋದ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕಿದೆವು. ವಂಶವೃಕ್ಷದಲ್ಲಿ ತಮ್ಮನ ಹೆಸರಿನ ಪಕ್ಕ ನನ್ನ ಹೆಸರೂ ತಂಗಿಯ ಹೆಸರೂ ಇತ್ತು. ಇಬ್ಬರೂ ತಮ್ಮನಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟೆವು. ಊರಲ್ಲಿ ಇದ್ದು ಉಳುಮೆ ಮಾಡುವವನು ಅವನು, ಕೊಟ್ಟದ್ದಕ್ಕೆ ಬೇಸರ ಇಲ್ಲ. ಸಹಿ ಮಾಡುವ ಮುಂಚೆ ಪೂರ್ತಿ ಓದಿದೆ. ಅಪ್ಪನ ಜಾಗದಲ್ಲಿ ಈಗ ಕಂಪ್ಯೂಟರ್ ಇಟ್ಟುಕೊಂಡು ಕೂತಿರುವ ಹುಡುಗನೂ ಕೊನೆಗೆ ಅದೇ ಸಾಲು ಹಾಕಿದ್ದ. ಪುತ್ರ ಪೌತ್ರ ಪಾರಂಪರ್ಯವಾಗಿ. ತಮ್ಮನಿಗೆ ಇರುವುದು ಇಬ್ಬರು ಹೆಣ್ಣುಮಕ್ಕಳು. "ಅದನ್ನ ತೆಗೆದು 'ಮಕ್ಕಳು ಮೊಮ್ಮಕ್ಕಳು' ಅಂತ ಹಾಕಪ್ಪ" ಅಂದೆ. ಹುಡುಗ ತಮ್ಮನ ಮುಖ ನೋಡಿದ. ತಮ್ಮ, "ಅಕ್ಕ ಹೇಳಿದ ಹಾಗೆ ಹಾಕಪ್ಪ" ಅಂದ. ಆ ಹಾಳೆ ಮತ್ತೆ ಪ್ರಿಂಟ್ ಹಾಕಿಸಿದೆವು.

ಕೋರ್ಟನಿಗಳ ಲಾಂಛನ ಸರಳವಾದದ್ದು. ಬಂಗಾರದ ಬಣ್ಣದ ಮೇಲೆ ಮೂರು ಕೆಂಪು ಬೊಟ್ಟು, ಕುಂಕುಮ ಇಟ್ಟ ಹಾಗೆ. ಮನೆತನದ ಧ್ಯೇಯವಾಕ್ಯ ಲ್ಯಾಟಿನ್‌ನಲ್ಲಿ ಎರಡು ಪ್ರಶ್ನೆ: ಎಲ್ಲಿ ಜಾರಿದೆ? ಏನು ಮಾಡಿದೆ? ಟವರಿನ ಹುಡುಗನನ್ನು ನೆನೆದರೆ ಆ ಮಾತು ಅವನಿಗೇ ಬರೆದ ಹಾಗಿದೆ.

ವಾಪಸ್ ಬರುವ ಹಿಂದಿನ ದಿನ ತಂಗಿ ಜೊತೆ ಎಕ್ಸೆಟರ್ ಕ್ಯಾಥೆಡ್ರಲ್‌ಗೆ ಹೋದೆ. ಒಳಗೆ ದಕ್ಷಿಣದ ಕಡೆ ಎರಡನೇ ಹ್ಯೂ ಮತ್ತು ಮಾರ್ಗರೆಟ್‌ಳ ಸಮಾಧಿ ಇದೆ. ಗಂಡ ಹೆಂಡತಿ ಅಕ್ಕಪಕ್ಕ ಕಲ್ಲಿನಲ್ಲಿ ಮಲಗಿದ್ದಾರೆ. ಅವಳು ಹೆತ್ತದ್ದು ಹದಿನೇಳು ಮಕ್ಕಳನ್ನು ಅನ್ನುತ್ತಾರೆ. ನಾನು ಅವಳ ಕಾಲಿನ ಹತ್ತಿರ ಬಗ್ಗಿ ನೋಡಿದೆ. ಹಂಸಗಳಿವೆ. ಅದು ಗಂಡನ ಮನೆಯ ಗುರುತಲ್ಲ, ಬೋಹನ್‌ಗಳದ್ದು, ಅವಳ ತವರಿನದ್ದು. "ಏನಕ್ಕಾ ಅಷ್ಟು ಹೊತ್ತು ನೋಡ್ತಿದ್ದೀಯ?" ಅಂದಳು ತಂಗಿ. ಪೌಡರ್‌ಹ್ಯಾಮ್ ಮನೆಯನ್ನು ತಂದವಳು ಇವಳೇ ಅಂತ ತೋರಿಸಿದೆ. ಅವಳೂ ಬಗ್ಗಿ ನೋಡಿದಳು.